ಮಹಾಬಳೇಶ್ವರಕ್ಕೂ ಲೇಹ್‌ಗೂ ಒಂದೇ ಹೀಟ್ ಪಂಪ್ ನಡೆಯುತ್ತದೆಯೇ? ಆರ್-134ಎ, ಆರ್-32, ಆರ್-290: ಚಳಿಗೆ ಯಾವ ಗ್ಯಾಸ್?

ಭೋಸರಿ ಕನ್ನಡಿಗ

ಎಲ್ಲರಿಗೂ ನಮಸ್ಕಾರ. ಪುಣೆ ಬಳಿಯ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಿಂದ ಎರಡು ಸೈಟ್‌ಗೆ ಹೀಟ್ ಪಂಪ್ (ಹೊರಗಿನ ಗಾಳಿಯ ಶಾಖ ಎಳೆದು ನೀರು ಬಿಸಿ ಮಾಡುವ ಯಂತ್ರ) ಕಳಿಸಬೇಕಿದೆ.

ಮೊದಲನೆಯದು ಮಹಾಬಳೇಶ್ವರದ 30 ಕೋಣೆಗಳ ಹೋಟೆಲ್. ದಿನಕ್ಕೆ 3,000 ಲೀಟರ್ ಬಿಸಿನೀರು, ಟ್ಯಾಂಕಿನಲ್ಲಿ 60 ಡಿಗ್ರಿ ಬೇಕು. ಜನವರಿಯ ಬೆಳಗಿನ ಜಾವಕ್ಕೆ ಹೊರಗಿನ ಗಾಳಿ 6ರಿಂದ 8 ಡಿಗ್ರಿ ಎಂದು ಹಿಡಿದಿದ್ದೇನೆ. ಎರಡನೆಯದು ಲೇಹ್‌ನ ಅತಿಥಿಗೃಹ. ಅಲ್ಲಿ ಕೋಣೆ ಬೆಚ್ಚಗಿಡುವ ರೇಡಿಯೇಟರ್‌ಗಳಿಗೆ 55 ಡಿಗ್ರಿಯ ನೀರು ಕೊಡಬೇಕು, ಲೋಡ್ 14 ಕಿಲೋವ್ಯಾಟ್. ಡಿಸೈನ್ ಉಷ್ಣತೆ ಮೈನಸ್ 20.

ಮೂರು ಕೊಟೇಶನ್ ಬಂದಿವೆ. ಒಬ್ಬರು ಆರ್-134ಎ ಗ್ಯಾಸಿನ ಯಂತ್ರ ಕೊಟ್ಟು, 14 ಕಿಲೋವ್ಯಾಟ್‌ನ ಒಂದೇ ಮಾಡೆಲ್ ಎರಡೂ ಕಡೆ ನಡೆಯುತ್ತದೆ ಅನ್ನುತ್ತಾರೆ. ಇನ್ನೊಬ್ಬರದು ಆರ್-32 ಇನ್ವರ್ಟರ್. ಮೂರನೆಯದು ಆರ್-290 (ಪ್ರೊಪೇನ್) ಮಾನೋಬ್ಲಾಕ್, ಅಂದರೆ ಗ್ಯಾಸಿನ ಭಾಗವೆಲ್ಲ ಹೊರಗಿನ ಒಂದೇ ಪೆಟ್ಟಿಗೆಯಲ್ಲಿರುವ ಯಂತ್ರ, ಬೆಲೆಯಲ್ಲಿ ಎಲ್ಲಕ್ಕಿಂತ ಮೇಲೆ. ಮೂವರ ಸಿಒಪಿಯೂ (ಒಂದು ಯೂನಿಟ್ ಕರೆಂಟಿಗೆ ಎಷ್ಟು ಯೂನಿಟ್ ಶಾಖ ಎಂಬ ಅಂಕಿ) 4ರ ಆಸುಪಾಸು, ಮೂರನ್ನೂ 7 ಡಿಗ್ರಿ ಗಾಳಿ, 35 ಡಿಗ್ರಿ ನೀರಿಗೆ ಬರೆದಿದ್ದಾರೆ. ಚಳಿಯಲ್ಲಿ ಇವು ನಿಜಕ್ಕೂ ಹೇಗೆ ಬೇರೆಯಾಗುತ್ತವೆ, ಯಾವ ಅಂಕಿ ನೋಡಿ ತೀರ್ಮಾನಿಸಬೇಕು ಎಂದು ತಿಳಿದವರು ಹೇಳಿ. ಹೋಟೆಲ್ ಮಾಲೀಕರು ಕಾರ್ಬನ್ ಡೈಆಕ್ಸೈಡ್ ಯಂತ್ರದ ಬಗ್ಗೆಯೂ ಕೇಳುತ್ತಿದ್ದಾರೆ.

ಕೊಥ್ರೂಡ್ ಕಂಪ್ರೆಸರ್

ಸರ್, ಮೊದಲು ಆ ಸಿಒಪಿ 4 ಅನ್ನು ಪಕ್ಕಕ್ಕಿಡಿ. ನಿಮ್ಮ ಎರಡೂ ಸೈಟ್‌ಗೆ ಅದು ಸಂಬಂಧವೇ ಇಲ್ಲದ ಅಂಕಿ.

7 ಡಿಗ್ರಿ ಗಾಳಿಯಲ್ಲಿ ಇವಾಪೊರೇಟರ್ (ಗಾಳಿಯಿಂದ ಶಾಖ ಹೀರುವ ಕಾಯಿಲ್) ಒಳಗೆ ಗ್ಯಾಸ್ ಕುದಿಯುವುದು ಸುಮಾರು 0 ಡಿಗ್ರಿಯಲ್ಲಿ. 35 ಡಿಗ್ರಿ ನೀರಿಗೆ ಕಂಡೆನ್ಸಿಂಗ್, ಅಂದರೆ ಗ್ಯಾಸ್ ದ್ರವವಾಗುತ್ತಾ ನೀರಿಗೆ ಶಾಖ ಬಿಡುವ ಉಷ್ಣತೆ, 37. ಕಂಪ್ರೆಸರ್ ಏರಿಸಬೇಕಾದ ಎತ್ತರ ಬರೀ 37 ಡಿಗ್ರಿ. ಲೇಹ್‌ನಲ್ಲಿ ಮೈನಸ್ 20ರ ಗಾಳಿಗೆ ಇವಾಪೊರೇಟರ್ ಮೈನಸ್ 28ಕ್ಕೆ ಇಳಿಯುತ್ತದೆ, 55ರ ನೀರಿಗೆ ಕಂಡೆನ್ಸಿಂಗ್ 58. ಎತ್ತರ 86 ಡಿಗ್ರಿ ಆಯಿತು. ಕಾರ್ನೋ ಮಿತಿ (ಸಿಒಪಿ ದಾಟಲಾಗದ ಸೈದ್ಧಾಂತಿಕ ಮೇಲ್ಮಿತಿ) ಮೊದಲನೆಯದಕ್ಕೆ 8.4, ಎರಡನೆಯದಕ್ಕೆ 3.85. ಒಳ್ಳೆಯ ಯಂತ್ರ ಈ ಮಿತಿಯ ಅರ್ಧ ಮುಟ್ಟುತ್ತದೆ ಎಂದುಕೊಂಡರೂ 4.2 ಇದ್ದದ್ದು 1.9ಕ್ಕೆ ಬರುತ್ತದೆ. ಯಾವ ಗ್ಯಾಸ್ ತುಂಬಿದರೂ ಈ ಇಳಿತ ತಪ್ಪದು. ಗ್ಯಾಸಿನಿಂದ ಆಗುವ ವ್ಯತ್ಯಾಸವೆಲ್ಲ ಇದರ ಮೇಲಿನದು. ಅದನ್ನು ಮೂರು ಕಡೆ ಹುಡುಕಬೇಕು: ಸಕ್ಷನ್ (ಕಂಪ್ರೆಸರ್ ಗ್ಯಾಸ್ ಎಳೆದುಕೊಳ್ಳುವ ಬದಿಯ) ಒತ್ತಡ ಎಷ್ಟು ಕುಸಿಯುತ್ತದೆ, ಒಂದು ಲೀಟರ್ ಆವಿಯಲ್ಲಿ ಎಷ್ಟು ಶಾಖ ಸಾಗುತ್ತದೆ, ಕಂಪ್ರೆಸರ್‌ನಿಂದ ಗ್ಯಾಸ್ ಹೊರಬೀಳುವ ಡಿಸ್ಚಾರ್ಜ್ ಪೈಪ್ ಎಷ್ಟು ಕಾಯುತ್ತದೆ.

ಒತ್ತಡದ ಲೆಕ್ಕ ನೋಡಿ, ಎಲ್ಲವೂ ಅಬ್ಸಲ್ಯೂಟ್ ಬಾರ್‌ನಲ್ಲಿ, ಅಂದರೆ ಹೊರಗಿನ ಗಾಳಿಯ ಒತ್ತಡವೂ ಸೇರಿ. ಆರ್-134ಎ ಮೈನಸ್ 30ರಲ್ಲಿ 0.84, 60ರಲ್ಲಿ 16.8. ಅನುಪಾತ 20. ಆರ್-32ಕ್ಕೆ 2.7 ಮತ್ತು 39, ಅನುಪಾತ 14ಕ್ಕಿಂತ ತುಸು ಹೆಚ್ಚು. ಏಸಿಗಳಲ್ಲಿ ಬಳಸುವ ಆರ್-410ಎ ಕೂಡ ಬಹುಪಾಲು ಅಲ್ಲೇ. ಆರ್-290ಕ್ಕೆ 1.68 ಮತ್ತು 21.2, ಅನುಪಾತ 12.6. ಒಂದೇ ಹಂತದ ಕಂಪ್ರೆಸರ್ 20ರ ಅನುಪಾತದಲ್ಲಿ ಕೆಲಸ ಮಾಡುವುದೆಂದರೆ ಹಿಂಡಿದ ಆವಿಯಲ್ಲಿ ಗಣನೀಯ ಪಾಲು ಒಳಗೇ ಹಿಂದಕ್ಕೆ ಸೋರುತ್ತಿರುತ್ತದೆ.

ಇನ್ನು ಸಾಂದ್ರತೆ. 0 ಡಿಗ್ರಿಯಲ್ಲಿ ಆರ್-134ಎ ಆವಿ ಘನಮೀಟರಿಗೆ 14.4 ಕಿಲೋ ತೂಗುತ್ತದೆ, ಮೈನಸ್ 30ರಲ್ಲಿ 4.4 ಮಾತ್ರ. ಕಂಪ್ರೆಸರ್ ಪ್ರತಿ ಸುತ್ತಿಗೆ ನುಂಗುವ ಗಾತ್ರ ಅಷ್ಟೇ ಇರುವುದರಿಂದ ಸಾಗುವ ಗ್ಯಾಸ್ ಮೂರನೇ ಒಂದಕ್ಕಿಂತ ಕೆಳಗೆ ಹೋಯಿತು. ನಿಮ್ಮ 14 ಕಿಲೋವ್ಯಾಟ್ ಯಂತ್ರ ಲೇಹ್‌ನಲ್ಲಿ ನಾಲ್ಕೈದು ಕಿಲೋವ್ಯಾಟ್ ಕೊಟ್ಟರೆ ಅದೇ ಹೆಚ್ಚು. ಎರಡೂ ಕಡೆ ಒಂದೇ ಮಾಡೆಲ್ ನಡೆಯುತ್ತದೆ ಎಂಬ ಮಾತು ಇಲ್ಲಿಗೇ ಬಿದ್ದುಹೋಗುತ್ತದೆ.

ಹಾಗೆಂದು ಆರ್-134ಎ ಕೆಟ್ಟದ್ದಲ್ಲ. ಮಹಾಬಳೇಶ್ವರದಲ್ಲಿ 8 ಡಿಗ್ರಿ ಗಾಳಿಗೆ ಇವಾಪೊರೇಟರ್ 0, 60ರ ನೀರಿಗೆ ಕಂಡೆನ್ಸಿಂಗ್ 63. ಅಲ್ಲಿ ಆರ್-134ಎ ಹೆಡ್ (ಡಿಸ್ಚಾರ್ಜ್ ಬದಿಯ ಒತ್ತಡ) 18 ಬಾರ್, ಅನುಪಾತ 6ರ ಆಸುಪಾಸು. ಯಂತ್ರ ನೆಮ್ಮದಿಯಾಗಿ ಓಡುತ್ತದೆ. ಕ್ರಿಟಿಕಲ್ ಉಷ್ಣತೆ (ಇದರ ಮೇಲೆ ಗ್ಯಾಸ್ ದ್ರವವಾಗುವುದೇ ಇಲ್ಲ) 101 ಡಿಗ್ರಿ ಇರುವುದರಿಂದ 65ರ ನೀರಿಗೂ ದಣಿಯುವುದಿಲ್ಲ. ಅದೇ ಜಾಗದಲ್ಲಿ ಆರ್-32 ಹೆಡ್ 42 ಬಾರ್ ಮುಟ್ಟುತ್ತದೆ. ಅದರ ಕ್ರಿಟಿಕಲ್ 78, ಆರ್-410ಎದು ಇನ್ನೂ ಕೆಳಗೆ 71. ಕ್ರಿಟಿಕಲ್ ಹತ್ತಿರವಾದಂತೆ ಕಂಡೆನ್ಸ್ ಆಗುವಾಗ ಬಿಡುವ ಶಾಖ ಕುಗ್ಗುತ್ತದೆ. ಹಲವು ಆರ್-32 ಯಂತ್ರಗಳು 55 ಅಥವಾ 60ಕ್ಕೇ ನಿಲ್ಲಲು ಇದೂ ಒಂದು ಕಾರಣ. ಚಳಿಗೆ ಒಳ್ಳೆಯ ಗ್ಯಾಸ್ ಮತ್ತು ಕುದಿ ಬಿಸಿನೀರಿಗೆ ಒಳ್ಳೆಯ ಗ್ಯಾಸ್ ಬೇರೆಬೇರೆ ಆಗಿರಬಹುದು ಎಂಬುದು ಹೊಸಬರಿಗೆ ಬೇಗ ಹೊಳೆಯುವುದಿಲ್ಲ.

ಆರ್-32ರ ಬಲ ಅದರ ಗಾತ್ರದಲ್ಲಿದೆ. 0 ಡಿಗ್ರಿಯಲ್ಲಿ ಒಂದು ಘನಮೀಟರ್ ಆವಿಯ ಹಿಂದೆ ಸುಮಾರು 7,000 ಕಿಲೋಜೌಲ್ ಗುಪ್ತೋಷ್ಣ ಇದೆ. ಆರ್-290ಕ್ಕೆ ಸುಮಾರು 3,900, ಆರ್-134ಎಗೆ ಸುಮಾರು 2,900. ಅಂದರೆ ಅದೇ ಕೆಲಸಕ್ಕೆ ಆರ್-290 ಕಂಪ್ರೆಸರ್ ಒಂದೂ ಮುಕ್ಕಾಲು ಪಟ್ಟು ದೊಡ್ಡದು ಬೇಕು. ನಿಮ್ಮ ಮೂರನೇ ಕೊಟೇಶನ್ ದುಬಾರಿಯಾಗಲು ಇದೂ ಕಾರಣ. ಆದರೆ ಆರ್-32 ಡಿಸ್ಚಾರ್ಜ್ ಬಹಳ ಕಾಯುತ್ತದೆ. ಮೈನಸ್ 28ರಿಂದ 58ಕ್ಕೆ ಒಂದೇ ಹಂತದಲ್ಲಿ ಏರಿಸಿದರೆ 120 ಡಿಗ್ರಿ ದಾಟುವುದು ಖಚಿತ. ಸಾಮಾನ್ಯವಾಗಿ ಕಂಪ್ರೆಸರ್ ಮಿತಿ 115–120. ಎಣ್ಣೆ ನೀರಿನಂತೆ ತೆಳ್ಳಗಾಗುತ್ತದೆ, ಬೇರಿಂಗ್ ಒಣಗುತ್ತದೆ, ಅದಕ್ಕೆ ಮುಂಚೆ ಕಂಟ್ರೋಲರ್ ತಾನೇ ವೇಗ ಇಳಿಸಿಬಿಡುತ್ತದೆ. ಹೊರಗೆ ಚಳಿ ಹೆಚ್ಚಿದಷ್ಟೂ ಯಂತ್ರ ನಿಧಾನ. ಬೇಕಾದ ಹೊತ್ತಿಗೇ ಕೈಕೊಟ್ಟಂತೆ.

ಇದಕ್ಕೆ ಪರಿಹಾರ ವೇಪರ್ ಇಂಜೆಕ್ಷನ್, ಮಾರುಕಟ್ಟೆಯಲ್ಲಿ ಇವಿಐ ಅನ್ನುತ್ತಾರೆ. ಕಂಡೆನ್ಸರ್‌ನಿಂದ ಬಂದ ದ್ರವದ ಸ್ವಲ್ಪ ಪಾಲನ್ನು ಚಿಕ್ಕ ಎಕ್ಸ್‌ಪ್ಯಾನ್ಶನ್ ವಾಲ್ವ್‌ನಲ್ಲಿ ಒತ್ತಡ ಇಳಿಸಿ, ಪ್ಲೇಟ್ ಎಕ್ಸ್‌ಚೇಂಜರ್‌ನಲ್ಲಿ ಉಳಿದ ದ್ರವವನ್ನು ತಣಿಸಿ, ಆ ಆವಿಯನ್ನು ಕಂಪ್ರೆಸರ್‌ನ ನಡುಭಾಗಕ್ಕೆ ಚುಚ್ಚುತ್ತಾರೆ. ಡಿಸ್ಚಾರ್ಜ್ ತಣ್ಣಗಾಗುತ್ತದೆ, ಕಂಡೆನ್ಸರ್‌ಗೆ ಹೋಗುವ ಗ್ಯಾಸ್ ಹೆಚ್ಚುತ್ತದೆ, ಇವಾಪೊರೇಟರ್‌ಗೆ ಹೋಗುವ ದ್ರವ ಇನ್ನಷ್ಟು ಶಾಖ ಹೀರುತ್ತದೆ. ಆರ್-32 ಕೊಟೇಶನ್‌ನಲ್ಲಿ ಇವಿಐ ಇಲ್ಲದಿದ್ದರೆ ಲೇಹ್‌ಗೆ ಅದನ್ನು ಪರಿಗಣಿಸಲೇಬೇಡಿ. ಆರ್-290 ಅದೇ ಸ್ಥಿತಿಯಲ್ಲಿ 100 ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ. ಕ್ರಿಟಿಕಲ್ 96.7, ಕುದಿಬಿಂದು ಮೈನಸ್ 42. ಚಳಿಯೂ ಬೇಕು, 55–60ರ ನೀರೂ ಬೇಕು ಅನ್ನುವ ಕಡೆ ಇದಕ್ಕಿಂತ ಹೊಂದುವ ಗ್ಯಾಸ್ ಈಗ ಮಾರುಕಟ್ಟೆಯಲ್ಲಿ ಇಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಮೂವರನ್ನೂ ಒಂದೇ ಪ್ರಶ್ನೆ ಕೇಳಿ: ಮೈನಸ್ 15 ಗಾಳಿ, 55 ನೀರಿಗೆ ಎಷ್ಟು ಕಿಲೋವ್ಯಾಟ್ ಶಾಖ, ಎಷ್ಟು ಕಿಲೋವ್ಯಾಟ್ ವಿದ್ಯುತ್, ಡಿಫ್ರಾಸ್ಟ್ (ಕಾಯಿಲ್ ಮೇಲಿನ ಐಸ್ ಕರಗಿಸುವುದು) ಸೇರಿಸಿಯೋ ಬಿಟ್ಟೋ? ಬರವಣಿಗೆಯಲ್ಲಿ ಉತ್ತರ ಕೊಡದವರ ಯಂತ್ರ ಲೇಹ್‌ಗೆ ಬೇಡ.

ಭೋಸರಿ ಕನ್ನಡಿಗ

ತುಂಬಾ ಉಪಕಾರವಾಯಿತು ಸರ್. ಆರ್-134ಎ ಮೈನಸ್ 26ರ ಕೆಳಗೆ ವ್ಯಾಕ್ಯೂಮ್‌ಗೆ ಹೋಗುತ್ತದೆ, ಸಣ್ಣ ಲೀಕ್ ಇದ್ದರೂ ಗಾಳಿ ಒಳಗೆ ಎಳೆಯುತ್ತದೆ ಎಂದು ಕೇಳಿದ್ದೆ. ಲೇಹ್‌ನಲ್ಲಿ ಅದೂ ಆಗುತ್ತದಲ್ಲವೇ? ಹೋಟೆಲ್‌ನದು ಇನ್ನೊಂದು ವಿಷಯ: ನಲ್ಲಿ ತಿರುಗಿಸಿದ ಕೂಡಲೇ ಬಿಸಿನೀರು ಬರಲಿ ಎಂದು ರಿಂಗ್ ಲೈನ್ ಹಾಕಿದ್ದಾರೆ, ರಿಟರ್ನ್ 50 ಡಿಗ್ರಿಯಲ್ಲಿ ಟ್ಯಾಂಕಿಗೆ ವಾಪಸು ಬರುತ್ತದೆ. ಕಾರ್ಬನ್ ಡೈಆಕ್ಸೈಡ್ ಯಂತ್ರಕ್ಕೆ ಇದರಿಂದ ತೊಂದರೆಯೇ?

ಮಡಗಾಂವ್ ಬಿಸಿನೀರು

ತೊಂದರೆಯೇ. ಆ ರಿಂಗ್ ಲೈನ್ ಅನ್ನು ಹಾಗೇ ಜೋಡಿಸಿದರೆ ಕಾರ್ಬನ್ ಡೈಆಕ್ಸೈಡ್ ಯಂತ್ರದ ಹಣ ನೀರಿಗೆ ಹಾಕಿದಂತೆ.

ಆರ್-744, ಅಂದರೆ ಕಾರ್ಬನ್ ಡೈಆಕ್ಸೈಡ್‌ನ ಕ್ರಿಟಿಕಲ್ ಉಷ್ಣತೆ 31 ಡಿಗ್ರಿ, ಒತ್ತಡ 73.8 ಬಾರ್. 60 ಡಿಗ್ರಿ ನೀರು ಮಾಡುವಾಗ ಅದು ಕಂಡೆನ್ಸ್ ಆಗುವುದೇ ಇಲ್ಲ. 90–100 ಬಾರ್ ಒತ್ತಡದಲ್ಲಿ ಗ್ಯಾಸ್ ಆಗಿಯೇ ಉಳಿದು, ಮೇಲಿಂದ ಕೆಳಗೆ ಜಾರುವ ಉಷ್ಣತೆಯಲ್ಲಿ ಶಾಖ ಬಿಡುತ್ತಾ ಹೋಗುತ್ತದೆ. ಆದ್ದರಿಂದ ಆ ಭಾಗಕ್ಕೆ ಗ್ಯಾಸ್ ಕೂಲರ್ ಎಂದೇ ಹೆಸರು. ಒಂದು ತುದಿಯಲ್ಲಿ 15–20 ಡಿಗ್ರಿಯ ತಣ್ಣೀರು ಬಂದು, ಇನ್ನೊಂದು ತುದಿಯಿಂದ ಒಂದೇ ಓಟದಲ್ಲಿ 65 ಆಗಿ ಹೊರಬಿದ್ದರೆ ಎರಡೂ ಗೆರೆ ಜೊತೆಜೊತೆಯಾಗಿ ಸಾಗುತ್ತವೆ, ಸಿಒಪಿ ಬಹಳ ಚೆನ್ನಾಗಿರುತ್ತದೆ. ಜಪಾನಿನಲ್ಲಿ 2001ರಿಂದ ಇಕೋಕ್ಯೂಟ್ ಎಂಬ ಹೆಸರಿನಲ್ಲಿ ಮನೆಗಳಿಗೆ ಬಂದ ಯಂತ್ರಗಳು ಈ ತತ್ತ್ವದವೇ. ಚಳಿಗೂ ಅದು ಅಂಜುವುದಿಲ್ಲ, ಸಕ್ಷನ್ ಒತ್ತಡ ಮೈನಸ್ 20ರಲ್ಲೂ ಸುಮಾರು 20 ಬಾರ್ ಇರುತ್ತದೆ.

ಆದರೆ ಒಳಬರುವ ನೀರೇ 50 ಇದ್ದರೆ ಗ್ಯಾಸ್ 50ಕ್ಕಿಂತ ಕೆಳಗೆ ತಣಿಯುವಂತಿಲ್ಲ. ಎಕ್ಸ್‌ಪ್ಯಾನ್ಶನ್ ವಾಲ್ವ್ ದಾಟಿದ ಮೇಲೆ ಬಹುಪಾಲು ಆವಿಯೇ, ಇವಾಪೊರೇಟರ್‌ನಲ್ಲಿ ಕುದಿಯಲು ದ್ರವ ಉಳಿಯುವುದು ಅತ್ಯಲ್ಪ. ಸಿಒಪಿ ಧಡ್ಡನೆ ಬೀಳುತ್ತದೆ. ಲೇಹ್‌ನ ರೇಡಿಯೇಟರ್ ರಿಟರ್ನ್ 45ಕ್ಕೂ ಇದೇ ಗತಿ, ಅಲ್ಲಿಗೆ ಆರ್-744 ಬೇಡ.

ಹೋಟೆಲಿಗೆ ಮಾಡಲೇಬೇಕೆಂದರೆ ಎರಡು ಟ್ಯಾಂಕ್ ಇಡಿ. ದೊಡ್ಡದು ಎತ್ತರವಾಗಿರಲಿ, ಕೆಳಗೆ ತಣ್ಣೀರು, ಮೇಲೆ ಬಿಸಿನೀರು ಪದರಪದರವಾಗಿ ನಿಲ್ಲಲಿ. ಯಂತ್ರ ಕೆಳಗಿನಿಂದ ಎಳೆದು ಮೇಲಕ್ಕೆ ಬಿಡಲಿ. ರಿಂಗ್ ಲೈನಿನ ರಿಟರ್ನ್ ಎರಡನೇ ಚಿಕ್ಕ ಟ್ಯಾಂಕಿಗೆ ಹೋಗಲಿ, ಅಲ್ಲಿ ಕಳೆದುಹೋದ ಶಾಖ ತುಂಬಲು ಸಣ್ಣ ಆರ್-134ಎ ಯಂತ್ರವೋ ಹೀಟರ್ ಕಾಯಿಲೋ ಸಾಕು. ಇಷ್ಟೆಲ್ಲ ಖರ್ಚಿಗಿಂತ 30 ಕೋಣೆಗಳಿಗೆ ನೇರ ಆರ್-134ಎ ಅಥವಾ ಆರ್-290 ಸರಳ ಎಂದು ನನಗನಿಸುತ್ತದೆ. 3,000 ಲೀಟರನ್ನು 20ರಿಂದ 60ಕ್ಕೆ ಏರಿಸಲು 140 ಯೂನಿಟ್ ಶಾಖ ಬೇಕು. ಸಿಒಪಿ 3 ಸಿಕ್ಕರೆ 47 ಯೂನಿಟ್ ಕರೆಂಟ್. ಯಂತ್ರದ 14 ಕಿಲೋವ್ಯಾಟ್ ಚಳಿಯ ರಾತ್ರಿಯಲ್ಲಿ 11ಕ್ಕೆ ಇಳಿದರೂ 13 ಗಂಟೆಯಲ್ಲಿ ಮುಗಿಯುತ್ತದೆ. ಬೆಳಿಗ್ಗೆ ಆರರಿಂದ ಒಂಬತ್ತರ ನೂಕುನುಗ್ಗಲಿಗೆ ಟ್ಯಾಂಕ್ ಮಾತ್ರ ಚಿಕ್ಕದಾಗಬಾರದು, 2,000 ಲೀಟರ್‌ಗೆ ಕಡಿಮೆ ಬೇಡ. ಓಡಿಸುವುದು ಮಧ್ಯಾಹ್ನ ಹನ್ನೊಂದರಿಂದ ಶುರುಮಾಡಿ, ಆಗ ಗಾಳಿ 20 ದಾಟಿರುತ್ತದೆ. ಗ್ಯಾಸ್ ಬದಲಿಸಿ ಸಿಗುವ ಲಾಭಕ್ಕಿಂತ ಈ ಟೈಮರ್ ಬದಲಾವಣೆಯ ಲಾಭ ಹೆಚ್ಚು.

ವಿಜಾಪುರ–ಚಾಕಣ

ಇಬ್ರೂ ಲೆಕ್ಕ ಛಲೋ ಹೇಳ್ಯಾರ. ಸೈಟಿನ್ಯಾಗ ಏನ್ ತಪ್ಪತೈತಿ ಅನ್ನೂದನ್ನ ನಾ ಹೇಳ್ತೀನ್ರಿ.

ಮೊದಲ ನಿಮ್ಮ ವ್ಯಾಕ್ಯೂಮ್ ಪ್ರಶ್ನೆ. ಲೇಹ್ 3,500 ಮೀಟರ್ ಮ್ಯಾಲೈತಿ, ಅಲ್ಲಿ ಹವಾದ ಒತ್ತಡನ ಸುಮಾರು 0.65 ಬಾರ್. ಆರ್-134ಎ ಮೈನಸ್ 30ರಾಗ 0.84 ಅಂದ್ರ ಅಲ್ಲಿ ಇನ್ನೂ ಹೊರಗಿನ ಹವಾಕ್ಕಿಂತ ಹೆಚ್ಚೇ ಐತಿ. ಪುಣೆದಾಗ ವ್ಯಾಕ್ಯೂಮ್ ಆಗೂದು ಅಲ್ಲಿ ಆಗೂದಿಲ್ಲ. ಆದ್ರ ಅದ್ರಿಂದ ಆ ಯಂತ್ರ ಅಲ್ಲಿಗೆ ನಡೀತೈತಿ ಅಂತ ಅಲ್ರಿ, ಕಪ್ಯಾಸಿಟಿ ಬಿದ್ದಿದ್ದು ಬಿದ್ದಂಗ.

ಇದ ಒತ್ತಡ ಇನ್ನೊಂದು ಕಡೆ ಮೋಸ ಮಾಡತೈತಿ. ಮ್ಯಾನಿಫೋಲ್ಡ್ ಗೇಜ್ ತೋರಸೂದು ಸುತ್ತಲಿನ ಹವಾಕ್ಕಿಂತ ಎಷ್ಟು ಹೆಚ್ಚು ಅನ್ನೂದನ್ನ. ಪಿಟಿ ಚಾರ್ಟ್ (ಒತ್ತಡದಿಂದ ಕುದಿಯೂ ಉಷ್ಣತೆ ಹುಡುಕೂ ಪಟ್ಟಿ) ಛಾಪಿಸಿದ್ದು ಸಮುದ್ರಮಟ್ಟದ ಲೆಕ್ಕಕ್ಕ. ಆರ್-290 ಮೈನಸ್ 20ರಾಗ ಖರೇ ಒತ್ತಡ 2.44 ಬಾರ್. ಲೇಹ್‌ದಾಗ ಗೇಜ್ 1.79 ತೋರಸ್ತೈತಿ, ಚಾರ್ಟಿನ್ಯಾಗ ಹುಡುಕಿದ್ರ ಮೈನಸ್ 16 ಅಂತ ಸಿಗತೈತಿ. ನಾಕು ಡಿಗ್ರಿ ತಪ್ಪು. ಸೂಪರ್‌ಹೀಟ್ (ಕುದಿಯೂ ಉಷ್ಣತೆಕ್ಕಿಂತ ಸಕ್ಷನ್ ಆವಿ ಎಷ್ಟು ಹೆಚ್ಚು ಬಿಸಿ ಅನ್ನೂದು) 10 ಇದ್ದದ್ದು ನಿಮಗ 6 ಕಾಣಸ್ತೈತಿ, ಎಲ್ಲಾ ಸರಿ ಐತಿ ಅಂತ ಬಿಟ್ಟುಬಿಡ್ತೀರಿ, ಇವಾಪೊರೇಟರ್ ಗ್ಯಾಸ್ ಸಾಲದ ಹಸಿದುಕೊಂಡ ಓಡತೈತಿ. ಡಿಜಿಟಲ್ ಗೇಜ್ ಇದ್ರ ಎತ್ತರ ಸೆಟ್ ಮಾಡ್ರಿ, ಇಲ್ಲಾ ಗೇಜ್ ಓದಿದ್ದಕ್ಕ 0.65 ಕೂಡಿಸಿ ಅಬ್ಸಲ್ಯೂಟ್ ಟೇಬಲ್ ನೋಡ್ರಿ. ಯಂತ್ರದ ಪ್ರೆಶರ್ ಸೆನ್ಸರಿಗೂ ಇದ ಪ್ರಶ್ನೆ ಕೇಳ್ರಿ. ಅಂದಹಂಗ ಫ್ಯಾಕ್ಟರಿಯಿಂದ ಗ್ಯಾಸ್ ತುಂಬಿ ಬಂದ ಆರ್-290 ಮಾನೋಬ್ಲಾಕಿಗೆ ಸುಮ್ಮಸುಮ್ಮಕ ಗೇಜ್ ಹಚ್ಚಬ್ಯಾಡ್ರಿ. ಚಾರ್ಜ್ ಕಡಿಮಿ ಇರ್ತೈತಿ, ಹೋಸಿನ್ಯಾಗ ಹೋಗೂ ಗ್ರಾಂ ಗ್ರಾಂ ಸುದ್ದಾ ಲೆಕ್ಕಕ್ಕ ಬರ್ತೈತಿ.

ಎರಡನೇದು ಫ್ಯಾನ್. ಹವಾ ತೆಳ್ಳಗ ಐತಿ ಅಂದ್ರ ಅದ ಫ್ಯಾನ್ ಅಷ್ಟ ಸುತ್ತು ತಿರುಗಿದ್ರೂ ಕಾಯಿಲ್ ಮ್ಯಾಲೆ ಹೋಗೂ ಹವಾದ ತೂಕ ಮೂರನೇ ಒಂದು ಪಾಲು ಕಡಿಮಿ. ಇವಾಪೊರೇಟರ್ ಮೈನಸ್ 28ಕ್ಕ ನಿಲ್ಲೂದಿಲ್ಲ, ಇನ್ನೂ ಕೆಳಗ ಹೋಗತೈತಿ. ಸಮುದ್ರಮಟ್ಟದ ಕ್ಯಾಟಲಾಗ್ ಅಂಕಿ ಹಂಗ ಹಿಡೀಬ್ಯಾಡ್ರಿ. ಒಂದು ಸೈಜ್ ದೊಡ್ಡ ಕಾಯಿಲ್ ಇದ್ದ ಮಾಡೆಲ್ ತಗೊಳ್ರಿ, ಫ್ಯಾನ್ ಇಸಿ ಮೋಟಾರಿನದ್ದಿದ್ರ ವೇಗ ಹೆಚ್ಚಿಸೂದು ಸಾಧ್ಯ ಐತೇನು ಅಂತ ತಯಾರಕರಿಗೆ ಕೇಳ್ರಿ. ಕಾಂಟ್ಯಾಕ್ಟರ್, ಎಂಸಿಬಿ ರೇಟಿಂಗ್ ಸುದ್ದಾ ಸಾಮಾನ್ಯವಾಗಿ 2,000 ಮೀಟರ್‌ತನಕ, ಅದರ ಮ್ಯಾಲೆ ಡಿರೇಟ್ ಮಾಡಬೇಕು, ಅಂದ್ರ ಸಾಮರ್ಥ್ಯ ಕಡಿಮಿ ಹಿಡೀಬೇಕು.

ಐಸ್ ಹಿಡಿಯೂದು ಲೇಹ್‌ಕಿಂತ ಮಹಾಬಳೇಶ್ವರದಾಗ ಹೆಚ್ಚು ಕಾಡೂ ಸಾಧ್ಯತೆ ಐತ್ರಿ. ಆಶ್ಚರ್ಯ ಆಗಬಹುದು, ಆದ್ರ ಕಾರಣ ಸೀದಾ ಐತಿ: ಮೈನಸ್ 20ರ ಹವಾದಾಗ ನೀರಿನ ಆವಿ ಇರೂದ ಕಡಿಮಿ. ಮಂಜು ಮುಸುಕಿದ 5 ಡಿಗ್ರಿ ಹವಾದಾಗ ಕಾಯಿಲ್ ಮೈನಸ್ 3ಕ್ಕ ಇಳದ್ರ ತಾಸಿನ ಒಳಗ ಬಿಳಿ ಪದರ ಕೂಡತೈತಿ. ಬಿಸಿನೀರಿನ ಯಂತ್ರ ಅಂತ ಡಿಫ್ರಾಸ್ಟ್ ಇಲ್ಲದ ಅಗ್ಗದ ಮಾಡೆಲ್ ಕೊಡ್ತಾರ, ತಗೋಬ್ಯಾಡ್ರಿ. ಬಿಸಿ ಗ್ಯಾಸನ್ನ ಕಾಯಿಲಿಗೆ ತಿರುಗಿಸಿ ಐಸ್ ಕರಗಸಾಕ ನಾಕು-ದಾರಿ ವಾಲ್ವ್ ಇಲ್ಲಾ ಹಾಟ್ ಗ್ಯಾಸ್ ಬೈಪಾಸ್ ಇರಬೇಕು. ಕಂಟ್ರೋಲ್ ಕಾಯಿಲ್ ಸೆನ್ಸರ್ ಮ್ಯಾಲೆ ಇರಬೇಕು, ಬರೇ ಟೈಮರ್ ಮ್ಯಾಲೆ ಅಲ್ಲ. ಲೇಹ್‌ದಾಗ 40 ನಿಮಿಷಕ್ಕೊಮ್ಮೆ ಸುಮ್ಮನ ಡಿಫ್ರಾಸ್ಟ್ ಆದ್ರ ಕೋಣೀದ ಶಾಖಾನ ಹೊರಗ ಚೆಲ್ಲಿದಂಗ. ಅಲ್ಲಿ ತೊಂದ್ರಿ ಕೆಳಗಿನ ತಟ್ಟಿದು: ಕರಗಿದ ನೀರು ಡ್ರೇನ್ ಬಾಯಾಗ ಗಡ್ಡೆಗಟ್ಟಿ ಮ್ಯಾಲೇರಿ ಫ್ಯಾನ್ ಬ್ಲೇಡ್ ಮುರೀತೈತಿ. ಬೇಸ್ ಪ್ಯಾನ್ ಹೀಟರ್ ಹಾಕಸ್ರಿ, ಸ್ಟ್ಯಾಂಡ್ ಒಂದೂವರಿ ಫೂಟರೆ ಎತ್ತರ ಇರ್ಲಿ.

ಮಾನೋಬ್ಲಾಕ್ ಅಂದ್ರ ನೀರಿನ ಪೈಪ್ ಹೊರಗ ಬರ್ತೈತಿ. ಒಂದು ರಾತ್ರಿ ಕರೆಂಟ್ ಹೋದ್ರ ಪ್ಲೇಟ್ ಎಕ್ಸ್‌ಚೇಂಜರ್ ಒಡೀತೈತಿ. ಹೊರಗಿನ ಸರ್ಕ್ಯೂಟಿಗೆ ಪ್ರೊಪಿಲೀನ್ ಗ್ಲೈಕಾಲ್ ಹಾಕ್ರಿ. 40 ಪರ್ಸೆಂಟಿಗೆ ಮೈನಸ್ 21ರ ಸುತ್ತ ಹೆಪ್ಪುಗಟ್ಟಾಕ ಶುರು, ಅದು ಸಾಲೂದಿಲ್ಲ, 50 ಹಾಕ್ರಿ, ಮೈನಸ್ 33ತನಕ ಹೋಗತೈತಿ. ಗ್ಲೈಕಾಲ್ ದಪ್ಪ ಇರ್ತೈತಿ, ಪಂಪ್ ಒಂದು ಸೈಜ್ ದೊಡ್ಡದು ಬೇಕು, ನಡುವ ಎಕ್ಸ್‌ಚೇಂಜರ್ ಇಟ್ರ ಮೂರು-ನಾಕು ಡಿಗ್ರಿ ಲುಕ್ಸಾನು. ಅಷ್ಟು ಕೊಡೂದು ಅನಿವಾರ್ಯ.

ಭೋಸರಿ ಕನ್ನಡಿಗ

ಗೇಜಿನ ವಿಷಯ ಕಣ್ಣು ತೆರೆಸಿತು ಅಣ್ಣ. ಲೇಹ್‌ಗೆ ಆರ್-290 ಎಂದು ಮನಸ್ಸು ಮಾಡಿದ್ದೇನೆ. ಮಾಲೀಕರ ಭಯ ಒಂದೇ: ಅದು ಎಲ್‌ಪಿಜಿ ಜಾತಿಯದಲ್ಲವೇ, ಬೆಂಕಿ ಹಿಡಿದರೆ? ಜೊತೆಗೆ ಸರ್ವಿಸ್‌ಗೆ ಅಲ್ಲಿ ಗ್ಯಾಸ್ ಸಿಗದಿದ್ದರೆ ಅಡುಗೆ ಸಿಲಿಂಡರಿನಿಂದ ತುಂಬಬಹುದು ಎಂದು ಯಾರೋ ಹೇಳಿದ್ದಾರಂತೆ.

ಕೊಥ್ರೂಡ್ ಕಂಪ್ರೆಸರ್

ಅಡುಗೆ ಸಿಲಿಂಡರ್ ಖಂಡಿತ ಬೇಡ. ಎಲ್‌ಪಿಜಿಯಲ್ಲಿ ಪ್ರೊಪೇನ್ ಜೊತೆ ಬ್ಯೂಟೇನ್ ಬೆರೆತಿರುತ್ತದೆ, ವಾಸನೆಗೆ ಹಾಕಿದ ಗಂಧಕದ ಸಂಯುಕ್ತ, ತೇವ ಎಲ್ಲವೂ ಇರುತ್ತವೆ. ಬ್ಯೂಟೇನ್ ಹೆಚ್ಚಿದಷ್ಟು ಸಕ್ಷನ್ ಒತ್ತಡ ಇಳಿಯುತ್ತದೆ, ತೇವ ಎಕ್ಸ್‌ಪ್ಯಾನ್ಶನ್ ವಾಲ್ವ್ ಬಾಯಲ್ಲಿ ಐಸ್ ಆಗುತ್ತದೆ. ಶೀತಕ ದರ್ಜೆಯ ಪ್ರೊಪೇನ್ 99.5 ಶೇಕಡಕ್ಕೆ ಮೇಲಿನ ಶುದ್ಧತೆಯದು. ಹಾಗೆಯೇ ಆರ್-22 ಅಥವಾ ಆರ್-134ಎಗೆಂದು ಮಾಡಿದ ಹಳೆಯ ಯಂತ್ರಕ್ಕೆ ಆರ್-290 ತುಂಬಿಸಬೇಡಿ. ಅದರ ರಿಲೇ, ಕಾಂಟ್ಯಾಕ್ಟರ್ ಕಿಡಿ ಹಾರಿಸುವಂಥವು.

ಭಯ ಸಹಜ, ಆದರೆ ಅದಕ್ಕೆ ಅಳತೆಯ ಉತ್ತರ ಇದೆ. ಗಾಳಿಯಲ್ಲಿ ಪ್ರೊಪೇನ್ ಸುಮಾರು 2.1 ಶೇಕಡಾ, ಅಂದರೆ ಘನಮೀಟರಿಗೆ 38 ಗ್ರಾಂ ಸೇರಿದರೆ ಹೊತ್ತಿಕೊಳ್ಳಬಲ್ಲದು. ಆರ್-32ಕ್ಕೆ ಅದು 307 ಗ್ರಾಂ. ಈ ವ್ಯತ್ಯಾಸದಿಂದಲೇ ಒಳಾಂಗಣದಲ್ಲಿ ಆರ್-290 ಚಾರ್ಜ್‌ಗೆ ಕಟ್ಟುನಿಟ್ಟಿನ ಮಿತಿ ಇದೆ. ಕೋಣೆಯ ಅಳತೆ ನೋಡದೆ ಇಡಬಹುದಾದದ್ದು ಸುಮಾರು 150 ಗ್ರಾಂ. ನಮ್ಮ ದೇಶದಲ್ಲಿ ಗೋದ್ರೆಜ್ 2012ರಿಂದ ಆರ್-290 ಸ್ಪ್ಲಿಟ್ ಏಸಿಗಳನ್ನು ಮಾರಿದೆ, ಗ್ಯಾಸ್ ಹೊಸದೇನಲ್ಲ. ನಿಮ್ಮದು ಮಾನೋಬ್ಲಾಕ್, ಗ್ಯಾಸ್ ಪೂರ್ತಿ ಹೊರಗೇ ಉಳಿಯುತ್ತದೆ. ಅದು ಗಾಳಿಗಿಂತ ಒಂದೂವರೆ ಪಟ್ಟು ಭಾರ, ಸೋರಿದರೆ ನೆಲದ ಮೇಲೆ ಹರಿದು ಗುಂಡಿಯಲ್ಲಿ ನಿಲ್ಲುತ್ತದೆ. ಆದ್ದರಿಂದ ಯಂತ್ರದ ಸುತ್ತ ಕನಿಷ್ಠ ಒಂದು ಮೀಟರ್ ಒಳಗೆ ಕಿಟಕಿ, ನೆಲಮಾಳಿಗೆಯ ಬಾಗಿಲು, ಚರಂಡಿ ಬಾಯಿ, ಸ್ವಿಚ್ ಇರಬಾರದು. ತಯಾರಕರ ಕೈಪಿಡಿ ಹೆಚ್ಚು ಹೇಳಿದರೆ ಅಷ್ಟು ಬಿಡಿ. ಚಳಿಗಾಳಿ ತಡೆಯಲೆಂದು ಮೂರು ಕಡೆ ಗೋಡೆ ಕಟ್ಟಿ ಮೇಲೆ ತಗಡು ಹಾಕುವ ಅಭ್ಯಾಸ ಇದೆ, ಅದು ಬೇಡವೇ ಬೇಡ.

ಹಲವರು ಮರೆಯುವ ಇನ್ನೊಂದು ಜಾಗ: ಪ್ಲೇಟ್ ಎಕ್ಸ್‌ಚೇಂಜರ್ ಒಡೆದರೆ ಪ್ರೊಪೇನ್ ಗ್ಲೈಕಾಲ್ ಲೈನಿಗೆ ನುಗ್ಗಿ, ಒಳಗಿನ ಏರ್ ವೆಂಟ್ ಮೂಲಕ ಕೋಣೆಗೆ ಬರುತ್ತದೆ. ಹೊರಗಿನ ಭಾಗದಲ್ಲೇ ಗ್ಯಾಸ್ ಸೆಪರೇಟರ್ ಮತ್ತು ಸೇಫ್ಟಿ ವಾಲ್ವ್ ಇರಲಿ. ಒಳಗೆ ಆಟೋಮ್ಯಾಟಿಕ್ ವೆಂಟ್ ಬದಲು ಕೈಯಿಂದ ತಿರುಗಿಸುವುದನ್ನು ಹಾಕಿ.

ಆರ್-134ಎ ಬಗ್ಗೆ ಮಹಾಬಳೇಶ್ವರದ ಮಾಲೀಕರಿಗೂ ಒಂದು ಮಾತು ಹೇಳಿ. ಅದರ ಜಿಡಬ್ಲ್ಯುಪಿ (ಕಾರ್ಬನ್ ಡೈಆಕ್ಸೈಡ್‌ಗೆ ಹೋಲಿಸಿದರೆ ಭೂಮಿ ಬಿಸಿ ಮಾಡುವ ಶಕ್ತಿ) 1,430. ಇಂಥ ಎಚ್‌ಎಫ್‌ಸಿ ಗ್ಯಾಸ್‌ಗಳನ್ನು ಇಳಿಸುವ ಅಂತರರಾಷ್ಟ್ರೀಯ ಒಪ್ಪಂದವಾದ ಕಿಗಾಲಿ ತಿದ್ದುಪಡಿಯನ್ನು ಭಾರತ 2021ರಲ್ಲಿ ಒಪ್ಪಿದೆ. 2028ರಲ್ಲಿ ಎಚ್‌ಎಫ್‌ಸಿ ಬಳಕೆ ನಿಗದಿತ ಮಟ್ಟಕ್ಕಿಂತ ಏರದಂತೆ ತಡೆ, 2032ರಿಂದ ಹಂತಹಂತವಾಗಿ ಇಳಿಕೆ, 2047ಕ್ಕೆ 85 ಶೇಕಡಾ ಕಡಿತ. ಹದಿನೈದು ವರ್ಷ ಬಾಳುವ ಯಂತ್ರಕ್ಕೆ ಗ್ಯಾಸ್ ಸಿಗದೇ ಹೋಗುವುದಿಲ್ಲ, ಆದರೆ ಮುಂದೆ ದುಬಾರಿಯಾಗಬಹುದು. ಬೆಲೆಯ ಅಂತರ ಚಿಕ್ಕದಿದ್ದರೆ ಅಲ್ಲಿಗೂ ಆರ್-290 ಯೋಚಿಸಿ.

ವಿಜಾಪುರ–ಚಾಕಣ

ಲೇಹ್‌ಗೆ ಕಳಸೂ ಯಂತ್ರ ಸೆಪ್ಟೆಂಬರ್ ಒಳಗ ಮುಟ್ಟಬೇಕ್ರಿ, ಮನಾಲಿ ದಾರಿ ಚಳಿಗಾಲಕ್ಕ ಬಂದ್ ಆಗತೈತಿ. ಯಂತ್ರ ಮಲಗಿಸಿ ಒಯ್ದಿದ್ರ ನಿಲ್ಲಿಸಿ ಒಂದು ದಿನ ಬಿಡ್ರಿ, ಎಣ್ಣಿ ಕೆಳಗ ಇಳೀಲಿ. ಚಾಲೂ ಮಾಡೂ ಮುಂಚೆ ಕ್ರ್ಯಾಂಕ್‌ಕೇಸ್ ಹೀಟರಿಗೆ 12 ತಾಸು ಕರೆಂಟ್ ಕೊಟ್ಟಿರಿ, ಇಲ್ಲಂದ್ರ ತಣ್ಣನ ಎಣ್ಣ್ಯಾಗ ಕರಗಿ ಕೂತ ಗ್ಯಾಸ್ ಒಮ್ಮೆಲೆ ನೊರಿ ಎದ್ದು ಎಣ್ಣಿನ ಹೊತ್ತೊಯ್ತೈತಿ. ಆರ್-290ಕ್ಕ ಎಣ್ಣ್ಯಾಗ ಕರಗೂ ಚಟ ಭಾಳ.

ಗ್ಲೈಕಾಲ್ ತುಂಬಿದ ಮ್ಯಾಲೆ ಎರಡು ದಿನ ಪಂಪ್ ಒಂದ ಓಡಿಸಿ ಹವಾ ತೆಗೀರಿ, ಆಮೇಲೆ ಸ್ಟ್ರೈನರ್ ಬಿಚ್ಚಿ ತೊಳೀರಿ. ಮಹಾಬಳೇಶ್ವರದಾಗ ಬೋರಿನ ನೀರು ಇದ್ರ ಮೊದಲ ಗಡಸುತನ ಅಳೀರಿ. 60 ಡಿಗ್ರಿಗೆ ಸುಣ್ಣ ಪ್ಲೇಟಿಗೆ ಕೂತ್ರ ಕಂಡೆನ್ಸಿಂಗ್ ಏರತೈತಿ, ಒಂದೊಂದು ಡಿಗ್ರಿ ಏರಿದ್ರ ಕರೆಂಟ್ ಎರಡು ಪರ್ಸೆಂಟಿನಷ್ಟು ಹೆಚ್ಚು ತಿಂತೈತಿ. ಎಕ್ಸ್‌ಚೇಂಜರಿನ ಎರಡೂ ಬಾಯಿಗೆ ವಾಲ್ವ್ ಮತ್ತ ತೊಳೆಯೂ ಟೀ ಈಗಲೇ ಹಾಕಿಸಿಬಿಡ್ರಿ, ಆಮೇಲೆ ಪೈಪ್ ಕೊಯ್ಯೂ ಕೆಲಸ ತಪ್ಪತೈತಿ.